ಇನ್ನೂ ಸ್ವಲ್ಪ ಉಜ್ಜು

ನಮ್ಮತ್ತೆಯನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ, ಹೊಸ ಸೋಫಾ ಕೊಂಡವರ ಮನೆಗೆ ಮಾತ್ರ ಬೇಡ! ವಡೋದರಾದ ನಮ್ಮ ಫ್ಲ್ಯಾಟಿನ ಪಕ್ಕದಾಕೆ ಹೆಮ್ಮೆಯಿಂದ ಸೋಫಾ ತೋರಿಸುತ್ತಿದ್ದರೆ, ಎಪ್ಪತ್ತು ದಾಟಿದ ನಮ್ಮತ್ತೆ ನೆಲದ ಮೇಲೆ ಅಂಗಾತ ಮಲಗಿ ಅದರ ಹೊಟ್ಟೆಯೊಳಗೆ ಇಣುಕುತ್ತಿದ್ದರು.

"ಇದು ಮರ ಅಲ್ಲ ಕಣೇ, ಬರೀ ಹೊಟ್ಟು!" ಎಂದು ಅಲ್ಲಿಂದಲೇ ತೀರ್ಪು ಬಂತು.

"ಬಾ ಕ್ಯಾ ಬೋಲ್ ರಹೀ ಹೈಂ?" ಎಂದು ಪಕ್ಕದಾಕೆ ಕೇಳಿದರು. ಇಲ್ಲಿ ಹಿರಿಯ ಹೆಂಗಸರೆಲ್ಲ "ಬಾ."

"ಬಹುತ್ ಅಚ್ಛಾ ಹೈ, ಬೋಲ್ ರಹೀ ಹೈಂ" ಎಂದೆ. ಸೊಸೆಯಾದವಳು ಇನ್ನೇನು ತಾನೇ ಹೇಳಬೇಕು?

ಈ ಮರದ ಹುಚ್ಚು ಶುರುವಾದದ್ದು ಅತ್ತೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದಾಗ. ಲಾರಿಯಲ್ಲಿ ಅವರ ಸಾಮಾನು ಬಂತು. ಹಿಡಿ ಕಿತ್ತ ಬಕೆಟ್ಟು ಕೂಡ ಗಾಂಭೀರ್ಯದಿಂದ ಕೆಳಗಿಳಿಯಿತು, ಪಟ್ಟದ ಗೊಂಬೆಗಳಿದ್ದ ಡಬ್ಬ ಮಾತ್ರ ಇಲ್ಲ! ಮದುವೆಯಲ್ಲಿ ಅವರ ತಾಯಿ ಕೊಟ್ಟಿದ್ದ ಮರದ ರಾಜ-ರಾಣಿ ಅವು. ಪ್ರತಿ ನವರಾತ್ರಿಯಲ್ಲೂ ಮೇಲಿನ ಮೆಟ್ಟಿಲು ಅವರದೇ. ಬೇರೆ ಜೋಡಿ ತರಿಸೋಣ ಎಂದರು ನಮ್ಮವರು.

"ಅಂಗಡಿಯಿಂದ ತಂದೋರು ಪಟ್ಟದ ಗೊಂಬೆ ಹೇಗಾಗ್ತಾರೋ? ಅವನ್ನ ಮನೆಯೋರು ಯಾರಾದ್ರೂ ಕೈಯಾರೆ ಕೊಡಬೇಕು. ನನಗೆ ಕೊಡೋಕೆ ಅಮ್ಮ ಎಲ್ಲಿದ್ದಾಳೆ? ಇನ್ನು ಗೊಂಬೆ ಕೂರಿಸೋದೇ ಬೇಡ" ಎಂದು ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡರು.

ಮಾರನೆಯ ದಿನ ಸಾಮಾನಿನ ಮರದ ಪೆಟ್ಟಿಗೆಗಳನ್ನು ರದ್ದಿಯವನಿಗೆ ಕೊಡಲು ಹೋದರೆ, ಅದೇ ಅತ್ತೆ ಅಡ್ಡ ನಿಂತರು. "ಇಂಥ ಹಲಗೇನ ಎಸೀತಾರೇನೇ?" ಶಾಲೆಯಲ್ಲಿ ಕ್ರಾಫ್ಟ್ ಮೇಡಂ ಆಗಿದ್ದವರಲ್ಲವೇ, ನೋಡನೋಡುತ್ತಲೇ ಪಾರ್ಕಿಂಗಿನ ಮೂಲೆ ಬಡಗಿ ಶಾಲೆಯಾಯಿತು. ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳೆಲ್ಲ ಅಲ್ಲೇ, ನನ್ನ ಮಗಳೂ! ಇಲ್ಲಿನ ಮಕರಪುರದ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿರುವ ನಮ್ಮವರು ಈಗ ಮೆಷಿನ್ ಬಂದ ಪೆಟ್ಟಿಗೆಗಳ ಚೂರು ಕೇಳಿ ತರುತ್ತಾರೆ. ಬೇರೆಯವರು ವಾಕಿಂಗ್ ಹೋಗಿ ತೂಕ ಇಳಿಸಿಕೊಂಡು ಬಂದರೆ, ನಮ್ಮತ್ತೆ ಹಲಗೆ ಹೊತ್ತುಕೊಂಡು ಬರುತ್ತಾರೆ.

ಮಕ್ಕಳು ಮೊಳೆಯನ್ನು ಬೆರಳಲ್ಲಿ ಹಿಡಿಯುವಂತಿಲ್ಲ, ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದೇ ಸುತ್ತಿಗೆ ಹೊಡೆಯಬೇಕು. ಕ್ಲಿಪ್ಪು ಯಾರದ್ದು? ನನ್ನದು! ಒಣಹಾಕಿದ್ದ ನನ್ನ ರೇಷ್ಮೆ ಸೀರೆ ಹಾರಿ ಯಾರದೋ ಸ್ಕೂಟರಿನ ಮೇಲೆ ಮಲಗಿತು. ದೂರು ಕೊಟ್ಟರೆ, "ಬೆರಳು ಮುಖ್ಯವೋ ಸೀರೆ ಮುಖ್ಯವೋ?" ಎಂದು ನನಗೇ ಪಾಟೀಸವಾಲು.

ಒಬ್ಬ ಹುಡುಗಿ ಒಂಟೆ ಮಾಡಿದಳು. ನೋಡಿದರೆ ಥೇಟ್ ಊಟದ ಮೇಜು! ಅತ್ತೆ ಅದನ್ನು ನೆಲಕ್ಕಿಟ್ಟು ಅಲ್ಲಾಡಿಸಿ, "ನಿಲ್ಲುತ್ತೆ. ನಿಂತ್ರೆ ಒಂಟೆ!" ಎಂದು ಪಾಸು ಮಾಡಿದರು. ಆದರೆ ನುಣುಪಿನ ವಿಷಯದಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಯಾರು ಏನೇ ತಂದರೂ ಹೆಬ್ಬೆರಳು ಸವರಿ, "ಇನ್ನೂ ಸ್ವಲ್ಪ ಉಜ್ಜು" ಎಂದು ಉಪ್ಪುಕಾಗದ ಕೈಗಿಡುತ್ತಾರೆ. ನಮ್ಮ ಸೊಸೈಟಿಯ ಗುಜರಾತಿ ಮಕ್ಕಳಿಗೆಲ್ಲ ಒಂದು ಕನ್ನಡ ಪದ ಬರುತ್ತದೆ, ಅದು "ಉಜ್ಜು!" ಕನ್ನಡಕ್ಕೆ ಇಷ್ಟು ಸೇವೆ ಇನ್ಯಾರು ಮಾಡಿದ್ದಾರೆ, ಹೇಳಿ? ನನಗಂತೂ ಹೆಮ್ಮೆಯೋ ಹೆಮ್ಮೆ.

ನವರಾತ್ರಿ ಬಂತು. ಊರೆಲ್ಲ ಗರ್ಬಾದ ಸಡಗರ, ನಮ್ಮ ಮನೆಯಲ್ಲಿ ಗೊಂಬೆಯ ಸುದ್ದಿ ಎತ್ತುವವರಿಲ್ಲ. ಮೊದಲ ದಿನ ಬೆಳಿಗ್ಗೆ ನನ್ನ ಮಗಳು ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡು ಅಜ್ಜಿಯ ಮುಂದೆ ನಿಂತಳು. ಮರದ ರಾಜ, ಮರದ ರಾಣಿ! ರಾಣಿ ರಾಜನಿಗಿಂತ ಎತ್ತರ, ಕೈಯಲ್ಲಿ ಐಸ್‌ಕ್ರೀಂ ಕಡ್ಡಿಯ ದಾಂಡಿಯಾ. ರಾಜನ ಬೆನ್ನ ಮೇಲೆ ಮೈಸೂರಿನಿಂದ ಬಂದ ಪೆಟ್ಟಿಗೆಯ "ಈ ಕಡೆ ಮೇಲೆ" ಎನ್ನುವ ಬಾಣದ ಗುರುತು.

"ಅಜ್ಜಿ, ನಿಂಗೆ. ನಾನು ಕೊಡೋದು" ಎಂದಳು.

ಅತ್ತೆ ಹೆಬ್ಬೆರಳು ಸವರಿದರು. ರಾಣಿಯ ಭುಜ ಇನ್ನೂ ತರಿತರಿಯಾಗಿತ್ತು. ಮಗಳ ಮುಖ ಸಣ್ಣಗಾಯಿತು. "ಔರ್ ಉಜ್ಜು ಮಾಡ್ಲಾ?"

"ಬೇಡ ಪುಟ್ಟಿ. ಹೀಗೇ ಇರಲಿ." ಅತ್ತೆ ರಾಣಿಯನ್ನು ರಾಜನ ಪಕ್ಕ ನಿಲ್ಲಿಸಿದರು. "ಮೆಟ್ಟಿಲು ಜೋಡಿಸೋಣ ಬಾ. ನಿನ್ನ ಮದುವೇಲಿ ಇವನ್ನ ನಿಂಗೇ ಕೊಡ್ತೀನಿ."

"ಲಾರೀಲಿ ಕಳಿಸೋದು ನಹೀ!"

"ಇಲ್ಲ ಕಂದ" ಎಂದು ಅತ್ತೆ ರಾಜ-ರಾಣಿ ಇಬ್ಬರನ್ನೂ ಸೆರಗಿನಲ್ಲಿ ಸುತ್ತಿಕೊಂಡರು. "ಮಡಿಲಲ್ಲಿ ಇಟ್ಕೊಂಡು ನಾನೇ ತರ್ತೀನಿ."