ಪರದೆಗೆ ಮೂರು ಪಟ್ಟೆ ವಿಭೂತಿ

ಈ ವಿಷಯವನ್ನು ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ರಾಗಿ ಕೊಯ್ಲು ಮುಗಿಯಲಿ ಎಂದುಕೊಂಡೆ. ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ನೆಮ್ಮದಿಯಾಗಿ ಬರೆಯೋಣ ಎಂದುಕೊಂಡೆ. ತೆಗೆಸಿಕೊಂಡದ್ದೂ ಆಯಿತು. ಈಗ ಕಾಗದದ ಮೇಲಿನ ಗೆರೆಗಳೆಲ್ಲ ಚೆನ್ನಾಗಿ ಕಾಣುತ್ತವೆ, ನೆಪಗಳು ಮಾತ್ರ ಯಾವುದೂ ಕಾಣುವುದಿಲ್ಲ. ಆದ್ದರಿಂದ ಕೂತಿದ್ದೇನೆ.

ಗಾವಡಗೆರೆ ಹೋಬಳಿಯ ನಮ್ಮ ಊರಿನ ಹಾಲಿನ ಡೈರಿಗೆ ನಾನು ಸ್ವಲ್ಪ ಕಾಲ ಅಧ್ಯಕ್ಷನಾಗಿದ್ದೆ. ಆಗಲು ಕಾರಣ ನನ್ನ ಯೋಗ್ಯತೆಯಲ್ಲ, ನನ್ನ ಎಸ್ಸೆಸ್ಸೆಲ್ಸಿ. ಹಳೆಯ ಕಾಲದ ಎಸ್ಸೆಸ್ಸೆಲ್ಸಿ ಎಂದರೆ ಏನು ಎಂಬ ವಿಷಯದ ಮೇಲೆ ನಾನು ಯಾರೂ ಕೇಳದಿದ್ದರೂ ಮಾತಾಡಬಲ್ಲೆ, ಮಾತಾಡಿಯೂ ಇದ್ದೇನೆ. ಕೇಳಿಸಿಕೊಂಡು ಸುಸ್ತಾದವರೇ ಕೊನೆಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಡೈರಿಯ ನಿಜವಾದ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಕಾರ್ಯದರ್ಶಿ. ನಲವತ್ತು ದಾಟಿದ ಹೆಣ್ಣುಮಗಳು, ಆ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಆ ಕುರ್ಚಿಯಲ್ಲಿ ತನ್ನ ಸೊಸೆಯನ್ನು ಕೂರಿಸಬೇಕೆಂದು ನಿರ್ದೇಶಕ ಪುಟ್ಟಸ್ವಾಮಿಗೆ ಬಹಳ ದಿನದ ಆಸೆ. ಈಕೆ ಒಂದು ತಪ್ಪು ಮಾಡಲಿ ಎಂದು ಅವನು ಕಾಯುತ್ತಿದ್ದ. ಆಕೆ ತಪ್ಪು ಮಾಡುತ್ತಿರಲಿಲ್ಲ. ಆ ಕೊರತೆಯನ್ನು ನಾನು ತುಂಬಿದೆ.

ಆ ವರ್ಷ ಡೈರಿಗೆ ಹೊಸ ಯಂತ್ರ ಬಂದಿತ್ತು. ಹಳೆಯದಕ್ಕೆ ಗುಂಡಿಗಳಿದ್ದವು. ಒತ್ತಿದರೆ ಟಕ್ ಅನ್ನುತ್ತಿತ್ತು, ಒತ್ತಿದವನಿಗೂ ಏನೋ ಒಂದು ಕೆಲಸ ಮಾಡಿದೆ ಎಂಬ ಸಮಾಧಾನವಿರುತ್ತಿತ್ತು. ಹೊಸದಕ್ಕೆ ಗುಂಡಿಯೇ ಇಲ್ಲ. ಊಟದ ತಟ್ಟೆಯಷ್ಟು ಅಗಲದ ಗಾಜಿನ ಪರದೆ, ಅದರ ಮೇಲೆ ಬಣ್ಣದ ಚಿತ್ರಗಳು. ತಕ್ಕಡಿಯ ವೈರು, ಫ್ಯಾಟ್ ನೋಡುವ ಡಬ್ಬಿಯ ವೈರು ಎರಡೂ ಹಿಂದುಗಡೆಯಿಂದ ಅದಕ್ಕೇ ಸೇರುತ್ತವೆ. ಪರದೆಯ ಬಲಗಡೆ ಮೇಲೆ 'ರದ್ದು' ಎಂಬ ಮನೆ, ನಡುವೆ ಕೊಂಬಿನ ಎಮ್ಮೆ, ಎಲ್ಲಕ್ಕಿಂತ ಕೆಳಗೆ ಹಸು. ಹಾಲು ತಂದವರ ದನ ಯಾವುದೋ ಅದನ್ನು ಬೆರಳಿಂದ ಮುಟ್ಟಿದರೆ ಚೀಟಿ ಬರುತ್ತದೆ. ಕೂರಿಸಲು ಕೆ.ಆರ್. ನಗರದಿಂದ ಬಂದಿದ್ದ ಮೆಕ್ಯಾನಿಕ್ ಹೊರಡುವಾಗ, "ನೋಡಿ ಸಾರ್, ಪರದೆಗೆ ಮಾತ್ರ ಏನೂ ಹಚ್ಬೇಡಿ. ಅರಿಸಿನ ಕುಂಕುಮ ಏನಿದ್ರೂ ತಕ್ಕಡಿಗೆ ಇಟ್ಕಳಿ," ಎಂದು ಕೈ ಮುಗಿದು ಹೇಳಿ ಹೋದ. ನಾನು ಅದನ್ನು ಅಧ್ಯಕ್ಷರ ಆಜ್ಞೆಯಾಗಿ ಮಾಡಿ ಎಲ್ಲರಿಗೂ ಸಾರಿದೆ. ಕಾರ್ಯದರ್ಶಿಗಂತೂ ಎದುರಿಗೆ ನಿಲ್ಲಿಸಿಕೊಂಡು ಎರಡೆರಡು ಸಲ ಹೇಳಿದೆ. ಆಕೆ, "ಆಯ್ತು ಅಧ್ಯಕ್ಷ್ರೇ," ಎಂದಳು.

ಆಯುಧಪೂಜೆ ಬಂತು. ಸಂಜೆಯ ಹಾಲು ಮುಗಿದ ಮೇಲೆ ಆಕೆ ಯಂತ್ರ ಆರಿಸಿ, ನೆಲ ತೊಳೆದು, ಹೂವು ತಂದಿಟ್ಟಳು. "ನೀನು ಮನೆಗೆ ಹೋಗಮ್ಮ, ಮನೇಲೂ ಪೂಜೆ ಇರ್ತದೆ. ಇದನ್ನ ನಾನು ನೋಡ್ಕತೀನಿ," ಎಂದೆ. ಒಬ್ಬನೇ ಉಳಿದೆ. ತಕ್ಕಡಿಗೆ ವಿಭೂತಿ ಹಚ್ಚಿದೆ, ಕ್ಯಾನುಗಳಿಗೆ ಹಚ್ಚಿದೆ, ಬಾಗಿಲಿಗೆ ಹಚ್ಚಿದೆ. ಪರದೆ ಸುಮ್ಮನೆ ನನ್ನನ್ನು ನೋಡುತ್ತಿತ್ತು. ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ ಬಡಿಸಿ ಒಂದು ಮಗುವಿನ ಎಲೆ ಮಾತ್ರ ದಾಟಿ ಹೋದ ಹಾಗಾಯಿತು ನನಗೆ. ನಮ್ಮ ಮನೆಯಲ್ಲಿ ಪಂಪ್‌ಸೆಟ್ಟಿಗೆ, ಮೊಪೆಡ್ಡಿಗೆ, ಮಿಕ್ಸಿಗೆ, ಒಂದು ವರ್ಷ ಮರೆತು ಹೆಂಡತಿಯ ಕನ್ನಡಕಕ್ಕೂ ವಿಭೂತಿ ಹಚ್ಚಿದ ಕೈ ಇದು. ತಡೆಯಲಾಗಲಿಲ್ಲ. ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಮೋಟರಿಗೆ ಪೂಜೆ ಮಾಡಿದರೆ ಮೇಲೆ ಕೈಯಿಟ್ಟುಕೊಂಡೇ ಒಂದು ಸಲ ಚಾಲೂ ಮಾಡಬೇಕು. ಹಾಗಾಗಿ ಬಲಗೈಯ ಮೂರು ಬೆರಳಲ್ಲಿ ಪರದೆಯ ಮೇಲೆ ಪಟ್ಟೆ ಎಳೆಯುತ್ತಾ ಎಡಗೈಯಲ್ಲಿ ಸ್ವಿಚ್ಚು ಹಾಕಿದೆ.

ಯಂತ್ರ ಎದ್ದಿತು. ಆದರೆ ಎಂದಿನ ಹಸು ಎಮ್ಮೆ ಬರಲಿಲ್ಲ. ಬಿಳಿ ಪರದೆಯ ಒಂದು ಮೂಲೆಯಲ್ಲಿ ಕೂಡಿಸುವ ಲೆಕ್ಕದ ಗುರುತಿನಂಥದ್ದೊಂದು ಮೂಡಿತು. ನಾನು ತಿಳಿದುಕೊಂಡದ್ದು ಇಷ್ಟು: ಬೊಟ್ಟು ಇಡುವ ಜಾಗವನ್ನು ಯಂತ್ರವೇ ತೋರಿಸುತ್ತಿದೆ. ಎಂಥ ಸಂಸ್ಕಾರವಂತ ಯಂತ್ರ ಎಂದು ಮನಸ್ಸು ತುಂಬಿ ಬಂತು. ಗುರುತಿನ ಮೇಲೆಯೇ ಇಟ್ಟರೆ ಅದು ಮುಚ್ಚಿಹೋಗುತ್ತದಲ್ಲ ಎಂದು ಮರ್ಯಾದೆಯಿಂದ ಎರಡು ಬೆರಳು ಕೆಳಗೆ ಕುಂಕುಮ ಇಟ್ಟೆ. ಇನ್ನೊಂದು ಮೂಲೆಯಲ್ಲಿ ಮೂಡಿತು, ಅಲ್ಲೂ ಹಾಗೆಯೇ ಇಟ್ಟೆ. ನಾಲ್ಕೂ ಮೂಲೆ ಮುಗಿದಾಗ ಹಸು ಎಮ್ಮೆ ಬಂದವು. ಕೈ ಮುಗಿದು ಆರಿಸಿ, ಬೀಗ ಹಾಕಿ ಬಂದೆ.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಪರದೆ ಫಳಫಳ ಹೊಳೆಯುತ್ತಿತ್ತು. ವಿಭೂತಿ ಕುಂಕುಮವನ್ನೆಲ್ಲ ಆಕೆ ಒರೆಸಿಬಿಟ್ಟಿದ್ದಳು. ಸದ್ಯ, ಆಜ್ಞೆ ಮುರಿದದ್ದು ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಸಾಲಿನಲ್ಲಿ ಗಲಾಟೆ ಶುರುವಾಯಿತು. ಬಂದ ಚೀಟಿಗಳಲ್ಲೆಲ್ಲ ಎಮ್ಮೆ. ಊರಿನ ಹಸುಗಳೆಲ್ಲ ಒಂದೇ ರಾತ್ರಿಯಲ್ಲಿ ಎಮ್ಮೆಗಳಾಗಿದ್ದವು. ನಮ್ಮೂರಲ್ಲಿ ನಿಜವಾಗಿ ಎಮ್ಮೆ ಇರುವುದು ಜವರಯ್ಯನ ಮನೆಯಲ್ಲಿ ಮಾತ್ರ. ಅವನ ಸರದಿ ಬಂದಾಗ ಆಕೆ ಎಮ್ಮೆಯನ್ನೇ ಮುಟ್ಟಿದಳು, ಪರದೆ 'ರದ್ದು' ಅಂದಿತು. ಮತ್ತೆ ಮುಟ್ಟಿದಳು, ಮತ್ತೆ ರದ್ದು.

"ಇದ್ಯಾವ ನ್ಯಾಯ ಕಣಮ್ಮಿ," ಎಂದ ಜವರಯ್ಯ. "ಊರ್ನೋರ ಅಸ ಎಲ್ಲಾ ಎಮ್ಮೆ ಆದ್ವು, ನಮ್ಮ ಎಮ್ಮೆ ಏನೂ ಇಲ್ದಂಗಾಯ್ತಲ್ಲ. ಮನೇಗೋಗಿ ಅದುಕ್ಕೆ ಏನಂತ ಏಳ್ಲಿ?"

"ಅಧ್ಯಕ್ಷ್ರೇ, ಮುಟ್ಟಿದ್ದು ಒಂದು ಮನೆ ಮೇಲಕ್ಕೆ ಬೀಳ್ತದೆ," ಎಂದಳು ಕಾರ್ಯದರ್ಶಿ. "ಹಸ ಇರೋದೇ ಕೊನೇಲಿ, ಅದರ ಕೆಳಗೆ ಮುಟ್ಟಾನ ಅಂದ್ರೆ ಜಾಗ ಇಲ್ಲ. ಪರದೆ ಕೆಟ್ಟದೆ."

ನಾನು ಸಾಲಿನ ಕಡೆ ಒಮ್ಮೆ ನೋಡಿದೆ. ಅಷ್ಟು ಜನ ನೋಡುತ್ತಿರುವಾಗ ಅಧ್ಯಕ್ಷನಾದವನಿಗೆ ಏನಾದರೂ ಹೇಳಬೇಕು ಎನಿಸುತ್ತದೆ. "ಪರದೆ ಸರಿಯಾಗೇ ಇದೆ ಕಣಮ್ಮ, ನಿನ್ನ ಬೆರಳು ಸರಿಯಿಲ್ಲ," ಎಂದೆ. ಎಲ್ಲರೂ ನಕ್ಕರು. ಆಕೆ ತನ್ನ ಬೆರಳನ್ನೇ ಒಂದು ಗಳಿಗೆ ನೋಡಿಕೊಂಡು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ಅವನು ಎಚ್.ಡಿ. ಕೋಟೆ ಕಡೆ, ಅಂತರಸಂತೆಯಲ್ಲಿದ್ದ. ಅವನು ಬರುವವರೆಗೆ ಎಸ್ಸೆಸ್ಸೆಲ್ಸಿ ಸುಮ್ಮನಿರುತ್ತದೆಯೇ? ಹುಣಸೂರಿನ ಜೆರಾಕ್ಸ್ ಅಂಗಡಿಯಿಂದ ಒಂದು ಕೀಬೋರ್ಡ್ ಕೇಳಿ ತಂದೆ. ಯಂತ್ರದ ಹಿಂದೆ ಅದು ಹಿಡಿಸುವ ತೂತಿನಲ್ಲಿ ಆಗಲೇ ಒಂದು ವೈರು ಇತ್ತು. ಅದನ್ನು ಕಿತ್ತು ಇದನ್ನು ಸಿಕ್ಕಿಸಿದೆ. ಬಾಣದ ಗುರುತಿನ ಕೀಲಿ ಒತ್ತಿದರೆ ಹಸು ಹಸುವೇ ಆಗಿ ನಿಂತಿತು. ಎಲ್ಲರ ಕಡೆಗೂ ತಿರುಗಿ ನೋಡಿದೆ. ಆದರೆ ನಾನು ಕಿತ್ತದ್ದು ತಕ್ಕಡಿಯ ವೈರು. ಹಸುವೇನೋ ಸರಿಹೋಯಿತು, ಹಾಲು ಮಾತ್ರ ಎಲ್ಲರದೂ ಸೊನ್ನೆ ಲೀಟರ್. "ಬುಡಿ ಅಧ್ಯಕ್ಷ್ರೇ, ಎಮ್ಮೇನೇ ವಾಸಿಯಾಗಿತ್ತು," ಎಂದರು ಸಾಲಿನವರು. ಆಕೆ ತಕ್ಕಡಿಯ ವೈರನ್ನು ಮತ್ತೆ ಅದರ ಜಾಗಕ್ಕೆ ಹಾಕಿದಳು.

ಮೆಕ್ಯಾನಿಕ್ ಬಂದ ದಿನ ಪುಟ್ಟಸ್ವಾಮಿ ಉಳಿದ ನಿರ್ದೇಶಕರನ್ನೆಲ್ಲ ಕರೆದುಕೊಂಡು ಬಂದ. ಆಕೆಯ ತಪ್ಪು ಎಂದಾದರೆ ಅಲ್ಲೇ ಸಭೆ, ಅಲ್ಲೇ ತೀರ್ಮಾನ, ಸೊಸೆ ನಾಳೆಯಿಂದಲೇ ಸಿದ್ಧ. ಮೆಕ್ಯಾನಿಕ್ ಯಂತ್ರದ ಪಕ್ಕದ ಒಂದು ಸಣ್ಣ ಮುಚ್ಚಳ ತೆಗೆದ. ನಾನು ಕಾಣದಿದ್ದ ಇನ್ನೊಂದು ತೂತು ಅಲ್ಲಿತ್ತು. ಅದಕ್ಕೊಂದು ಮೌಸ್ ಸಿಕ್ಕಿಸಿದ. ಪರದೆಯ ಮೇಲೆ ಪುಟ್ಟ ಬಾಣ ಬಂತು. ಹಸುವಿನ ಮೇಲೆ ತಂದು ಒತ್ತಿದರೆ ಹಸು, ಎಮ್ಮೆಗೆ ಎಮ್ಮೆ.

"ಒಳಗೆಲ್ಲ ಸರಿ ಇದೆ ಸಾರ್," ಎಂದ. "ಚಿತ್ರ ತೋರ್ಸೋದು ಬೇರೆ, ಮೇಲಿನ ಮುಟ್ಟೋ ಗಾಜು ಬೇರೆ. ಯಾವ ಜಾಗ ಎಲ್ಲಿದೆ ಅಂತ ಗಾಜಿಗೆ ಒಂದ್ಸಲ ಹೇಳಿಕೊಡ್ಬೇಕು. ಯಾರೋ ತಪ್ಪು ಹೇಳಿಕೊಟ್ಟವ್ರೆ."

ಹಾಗೆನ್ನುತ್ತಾ ಯಂತ್ರ ಆರಿಸಿ, ಪರದೆಯ ಮೇಲೆ ಬೆರಳು ಒತ್ತಿಹಿಡಿದು ಸ್ವಿಚ್ಚು ಹಾಕಿದ. ಮೂಲೆಯಲ್ಲಿ ಆ ಗುರುತು ಮೂಡಿತು. ಅವನು ಸರಿಯಾಗಿ ಅದರ ಮೇಲೆಯೇ ಮುಟ್ಟಿದ. ಮುಂದಿನ ಮೂಲೆ, ಅದರ ಮುಂದಿನದು. ನನ್ನ ಸಂಸ್ಕಾರವಂತ ಯಂತ್ರ ಬೊಟ್ಟು ಕೇಳಿರಲಿಲ್ಲ, ಪಾಠ ಕೇಳಿತ್ತು. ಮೇಷ್ಟ್ರು ನಾನು.

"ಆನ್ ಮಾಡೋವಾಗ ಯಾರು ಇದನ್ನ ಒತ್ತಿ ಹಿಡ್ದಿದ್ದು?" ಎಂದು ಕೇಳಿದ.

ಎಲ್ಲರೂ ಕಾರ್ಯದರ್ಶಿಯ ಕಡೆ ನೋಡಿದರು. 'ನಾನು' ಎಂಬುದು ಎರಡೇ ಅಕ್ಷರ. ಅದನ್ನು ಹೇಳಲು ಬಾಯಿ ತೆರೆದೆ, ಬಂದ ಮಾತು ಬೇರೆ. "ಒರೆಸೋವಾಗ ಒತ್ತಿರ್ಬೇಕು, ಪಾಪ," ಎಂದೆ. ಆ 'ಪಾಪ' ಎಂಬುದನ್ನು ಸೇರಿಸಿದ್ದು ನನಗೆ ಇವತ್ತಿಗೂ ಹೆಚ್ಚು ನೋಯುತ್ತದೆ.

ಇಲ್ಲಿ ನನ್ನ ಬೆರಳಿನ ವಿಷಯ ಹೇಳಬೇಕು. ಬಲಗೈಯ ಉಂಗುರದ ಬೆರಳು ಹಿಂದೊಮ್ಮೆ ಎತ್ತಿನ ಹಗ್ಗಕ್ಕೆ ಸಿಕ್ಕಿ ಸೊಟ್ಟಗಾಗಿದೆ. ಹಾಗಾಗಿ ನಾನು ವಿಭೂತಿ ಹಚ್ಚಿದರೆ ಮೇಲಿನ ಎರಡು ಪಟ್ಟೆ ನೆಟ್ಟಗೆ ಬರುತ್ತವೆ, ಕೆಳಗಿನದು ಅರ್ಧಕ್ಕೆ ತುಂಡಾಗುತ್ತದೆ. ಹಣೆಯ ಮೇಲಾಗಲಿ, ಪಂಪ್‌ಸೆಟ್ಟಿನ ಮೇಲಾಗಲಿ, ಪರದೆಯ ಮೇಲಾಗಲಿ, ಅದು ನನ್ನ ರುಜುವಿದ್ದ ಹಾಗೆ. ಆಕೆ ಆಗ ನನ್ನ ಕಣ್ಣನ್ನು ನೋಡಲಿಲ್ಲ. ನನ್ನ ಹಣೆಯನ್ನು ನೋಡಿದಳು. ನಿಧಾನವಾಗಿ, ಮೇಲಿನ ಪಟ್ಟೆಯಿಂದ ಕೆಳಗಿನ ಪಟ್ಟೆಯವರೆಗೆ ನೋಡಿದಳು. ಆಮೇಲೆ, "ಇರ್ಬೋದು ಅಧ್ಯಕ್ಷ್ರೇ," ಎಂದಳು.

ಪುಟ್ಟಸ್ವಾಮಿ, "ಅವಳೇ ಒಪ್ಕಂಡ್ಳಲ್ಲ, ಇನ್ನೇನು," ಎಂದು ಎದ್ದು ನಿಂತ. ನಾನು ಅವನನ್ನು ಕೂರಿಸಿದೆ. ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ. ಮನುಷ್ಯರು ಅಂದ ಮೇಲೆ ತಪ್ಪು ಆಗುತ್ತದೆ, ಕೆಲಸದಿಂದ ತೆಗೆಯುವುದು ಬೇಡ, ಆದರೆ ಇನ್ನು ಮುಂದೆ ಆಕೆ ಪರದೆಯನ್ನು ಮುಟ್ಟಬಾರದು, ಮೌಸ್‌ನಲ್ಲೇ ಕೆಲಸ ಮಾಡಬೇಕು. ಪುಟ್ಟಸ್ವಾಮಿ ಗೊಣಗುತ್ತಾ ಹೋದ. ಉಳಿದವರು ಅಧ್ಯಕ್ಷರದು ದೊಡ್ಡ ಮನಸ್ಸು ಎಂದರು. ಆ ಮಾತು ಕೇಳಿಕೊಂಡು ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದು ತಿಳಿದರು.

ಈಗ ನಾನು ಅಧ್ಯಕ್ಷನಲ್ಲ, ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವನು. ಪರದೆ ಸರಿಹೋಗಿ ಎಷ್ಟೋ ಕಾಲವಾಯಿತು. ನನ್ನ ಆಜ್ಞೆಯನ್ನು ಯಾರೂ ರದ್ದು ಮಾಡಿಲ್ಲ, ಆಕೆಯೂ ಕೇಳಿಲ್ಲ. ಹಾಲು ಚೆಲ್ಲಿದ ಕಲ್ಲುಕಟ್ಟೆಯ ಮೇಲೆ ಆ ಮೌಸ್ ಅಂಟಿಕೊಳ್ಳುತ್ತದೆ. ಎತ್ತಿ, ಒರೆಸಿ, ಮತ್ತೆ ಇಟ್ಟು, ಬಾಣವನ್ನು ಹುಡುಕಿ ಹಸುವಿನವರೆಗೆ ತಳ್ಳಿಕೊಂಡು ಹೋಗಬೇಕು. ನಮ್ಮ ಮನೆಯಲ್ಲಿರುವುದು ಒಂದೇ ಹಸು ಎಂದು ಊರಿಗೆಲ್ಲ ಗೊತ್ತು. ಆದರೂ ಸಾಲಿನಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಆಕೆ ದಿನಾ ನನ್ನೊಬ್ಬನನ್ನು ಕೇಳುತ್ತಾಳೆ, ನನ್ನ ಹಣೆಯನ್ನು ನೋಡುತ್ತಾ.

"ಹಸನಾ, ಎಮ್ಮೆನಾ ಅಧ್ಯಕ್ಷ್ರೇ?"

ಇವತ್ತು ಹೇಳಿಬಿಡೋಣ ಎಂದು ದಿನಾ ಮನೆಯಿಂದ ಹೊರಡುತ್ತೇನೆ. ಈ ಬೆಳಿಗ್ಗೆಯೂ ಹೊರಟೆ. ಆಕೆ ಕೇಳಿದಳು. ನಾನು ಬಾಯಿ ತೆರೆದೆ. "ಹಸ," ಎಂದೆ. ಹಿಂದಿನಿಂದ ಜವರಯ್ಯ, "ಸರೀರಪ್ಪಾ ಮುಂದುಕ್ಕೆ," ಎಂದ. ಸರಿದೆ.

ಹಾಗಾಗಿ ಬರೆಯುತ್ತಿದ್ದೇನೆ. ಇಷ್ಟು ಹೊತ್ತು ಕಾರ್ಯದರ್ಶಿ, ಆಕೆ, ಅವಳು ಎಂದು ದಾಟಿಸಿಕೊಂಡು ಬಂದದ್ದನ್ನು ನೀವು ಗಮನಿಸಿರಬಹುದು. ಹೆಸರು ಬರೆದರೆ ಕ್ಷಮೆ ಕೇಳಿದ ಹಾಗಾಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ಗುರುತಿನ ಕೆಳಗೆ ಎಲ್ಲೋ ಮುಟ್ಟುವ ನನ್ನ ಕೈ ಒಂದು ಸಲವಾದರೂ ಸರಿಯಾದ ಜಾಗದ ಮೇಲೆ ಬೀಳಲಿ. ಬೆರಳು ಸರಿಯಿಲ್ಲ ಎಂದು ನಾನು ಹೇಳಿದ್ದು ಮಹದೇವಮ್ಮನವರಿಗೆ.