ಮೊದಲ ಸಾಲಿನ ಕುರ್ಚಿ

ಆ ದಿನದ ರಗಳೆಗೆಲ್ಲ ಮೂಲ ಒಂದು ಟವೆಲ್. ಬಿಳಿ ಬಣ್ಣ, ಅಂಚಿಗೆ ನೀಲಿ ಗೆರೆ, ರೆಸಾರ್ಟಿನ ಪ್ರತಿ ಕೋಣೆಗೂ ಎರಡರಂತೆ ಕೊಡುವಂಥದ್ದು. ಬೆಳಗಿನ ಐದೂವರೆಗೆ ಹೆಂಡತಿ ಅದನ್ನು ಗಂಡನ ಹೊಟ್ಟೆಯ ಮೇಲೆ ಧೊಪ್ಪನೆ ಹಾಕಿ, "ರೀ, ಏಳಿ. ಹೋಗಿ ಎರಡು ಕುರ್ಚಿ ಹಿಡಿದಿಟ್ಟು ಬನ್ನಿ," ಎಂದಳು.

ಗಂಡ ಎಂದರೆ ಮೂರು ತಿಂಗಳ ಹಿಂದೆ ನಿವೃತ್ತರಾದ ಸಿಟಿ ಬಸ್ಸಿನ ಕಂಡಕ್ಟರು. ಮೂವತ್ತೆರಡು ವರ್ಷ ನಿಂತೇ ದುಡಿದವರು. ಅವರ ಕಾಲುಗಳಿಗೆ ಬಾಯಿ ಇದ್ದಿದ್ದರೆ ಎಂದೋ ಮುಷ್ಕರ ಹೂಡುತ್ತಿದ್ದವು. ಬೀಳ್ಕೊಡುವ ದಿನ ಡಿಪೋದವರೆಲ್ಲ ಸೇರಿ ಹಾರ, ಗಡಿಯಾರ ಬಿಟ್ಟು ಈ ಸಮುದ್ರದಂಡೆಯ ರೆಸಾರ್ಟಿನಲ್ಲಿ ಎರಡು ರಾತ್ರಿಯ ವಾಸ್ತವ್ಯವನ್ನು ಉಡುಗೊರೆ ಕೊಟ್ಟಿದ್ದರು. ಜೊತೆಗೊಂದು ಬಣ್ಣದ ಕಾಗದ. ಅದರಲ್ಲಿ ಹುಲ್ಲಿನ ಛತ್ರಿ, ಅದರಡಿ ಎರಡು ಆರಾಮಕುರ್ಚಿ, ಕುರ್ಚಿಯಾಚೆ ಚಾಚಿದ ನಾಲ್ಕು ಪಾದ, ಎದುರಿಗೆ ನೀಲಿ ಸಮುದ್ರ. ಕಂಡಕ್ಟರು ಆ ಚಿತ್ರವನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡು ದಿನಾ ಗಡ್ಡ ಹೆರೆಯುವಾಗ ನೋಡಿದ್ದರು. ಜೀವನದಲ್ಲಿ ಒಂದು ಸಲ, ಒಂದೇ ಒಂದು ಗಂಟೆ, ಮುಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂರಬೇಕು. ಅವರಿಗಿದ್ದ ಆಸೆ ಅಷ್ಟೇ.

ಬಂದ ದಿನ ಕತ್ತಲಾಗಿತ್ತು. ಮರುದಿನ ಎಂಟಕ್ಕೆ ದಂಡೆಗೆ ಹೋದರೆ ಮೊದಲ ಸಾಲಿನ ಮೂವತ್ತು ಕುರ್ಚಿಗಳ ಮೇಲೂ ಟವೆಲ್, ಒಂದರ ಮೇಲೂ ಮನುಷ್ಯರಿಲ್ಲ. ಎರಡನೆಯ ಸಾಲು ಎಂಬುದೇ ಇರಲಿಲ್ಲ, ಹಿಂದೆ ಬರೀ ಮರಳು. ಗಾಳಿಗೆ ಹಾರದಿರಲೆಂದು ಕೆಲವರು ಚಪ್ಪಲಿ ಇಟ್ಟಿದ್ದರು, ಒಬ್ಬರು ಹಲ್ಲುಜ್ಜುವ ಬ್ರಷ್ ಇಟ್ಟಿದ್ದರು. ಟವೆಲಿನ ಒಡೆಯರು ಬಂದದ್ದು ಹನ್ನೊಂದಕ್ಕೆ. ಗಂಡ ಹೆಂಡತಿ ದಿನವಿಡೀ ತಮ್ಮ ಕೋಣೆಯ ಬಾಲ್ಕನಿಯಲ್ಲಿ ಕುಳಿತು ಅಡುಗೆಮನೆಯ ಹೊಗೆಕೊಳವೆ ನೋಡಿದರು. ಉಳಿದಿದ್ದದ್ದು ಇವತ್ತೊಂದೇ ದಿನ. ಸಂಜೆ ಐದಕ್ಕೆ ಅವರನ್ನು ಕರೆದೊಯ್ಯುವ ವ್ಯಾನು.

"ಟವೆಲ್ ಹಾಕಿ ಸೀಟು ಹಿಡಿಯೋದು ನನ್ನ ಕೈಲಾಗಲ್ಲ," ಎಂದರು ಕಂಡಕ್ಟರು. "ಕಿಟಕಿಯಿಂದ ಒಳಗೆ ಹಾಕಿದ ಟವೆಲ್‌ಗಳನ್ನ ಎಷ್ಟು ಎತ್ತಿ ಹೊರಗೆ ಎಸೆದಿದ್ದೀನಿ ಗೊತ್ತಾ ನಿನಗೆ?"

"ಎಸೆದ ಕೈಯಲ್ಲೇ ಒಂದು ಸಲ ಹಾಸಿ. ಕೈಯೇನೂ ಸವೆಯಲ್ಲ," ಎಂದು ಹೇಳಿ ಅವಳು ಸ್ನಾನಕ್ಕೆ ನಡೆದಳು.

ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಆದರೆ ದಂಡೆಯಲ್ಲಿ ಟವೆಲ್‌ಗಳು ಹುಟ್ಟಿಯಾಗಿದ್ದವು. ಮೊದಲ ಸಾಲು ಪೂರ್ತಿ. ಮಬ್ಬು ಬೆಳಕಿನಲ್ಲಿ ಅದು ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತಿತ್ತು. ರೋಗಿಗಳು ಮಾತ್ರ ಪರಾರಿ. ಕಂಡಕ್ಟರ ಹಳೆಯ ರಕ್ತ ಕುದಿಯಿತು. ನಟ್ಟನಡುವಿನ ಛತ್ರಿಯ ಕೆಳಗಿದ್ದ ಎರಡು ಟವೆಲ್ ಎತ್ತಿ ನೀಟಾಗಿ ಮಡಿಸಿ ಪಕ್ಕಕ್ಕಿಟ್ಟರು. ತಮ್ಮ ಟವೆಲ್ ಬಿಡಿಸಿದರು. ಹಾಸಲು ಹೋದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಎಲ್ಲಾ ಬಿಟ್ಟು ಕೊನೆಗಾಲಕ್ಕೆ ತಾನೂ ಆ ಜಾತಿಯವನಾಗುವುದೇ?

ಟವೆಲ್ ಹಾಸುವುದು ತಪ್ಪು, ಮನುಷ್ಯ ಕೂರುವುದು ತಪ್ಪಲ್ಲ ಎಂದು ಮನಸ್ಸು ದಾರಿ ತೋರಿಸಿತು. ಒಂದು ಕುರ್ಚಿಯ ಮೇಲೆ ಕುಳಿತರು. ಹೆಂಡತಿಯ ಕುರ್ಚಿಯ ಗತಿ? ಅದರ ಮೇಲೆ ಎರಡೂ ಕಾಲು ಚಾಚಿದರು. ಹೀಗೆ ಇಲ್ಲಿ ಸೊಂಟ, ಅಲ್ಲಿ ಹಿಮ್ಮಡಿ, ನಡುವೆ ಏನೂ ಇಲ್ಲದೆ, ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿಯಂತೆ ಒಂದೂವರೆ ಗಂಟೆ ಮಲಗಿದರು. ಸೂರ್ಯ ಹುಟ್ಟಿದ್ದು ಯಾವ ಕಡೆ ಎಂದು ನೋಡಲು ಕುತ್ತಿಗೆ ತಿರುಗಲಿಲ್ಲ.

ಏಳೂಕಾಲಿಗೆ ಪಕ್ಕದ ಕೋಣೆಯ ಹೆಡ್‌ಮಾಸ್ತರು ಬಂದರು. ಅವರೂ ನಿವೃತ್ತರೇ. ಮೊಣಕಾಲಿನ ತನಕ ಚಡ್ಡಿ, ಕಂಕುಳಲ್ಲಿ ಪತ್ರಿಕೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ತಾವು, ಹೀಗೆ ಲೆಕ್ಕ ಹಾಕಿ ಆರು ಟವೆಲ್ ಹಾಸಿ ಹೋಗಿದ್ದವರು.

"ಇಲ್ಲಿ ನಮ್ಮ ಟವೆಲ್ ಇತ್ತು," ಎಂದರು.

"ಟವೆಲ್ ಇತ್ತು ಸಾರ್. ನೀವು ಇರಲಿಲ್ಲ."

"ಟವೆಲ್ ಇದ್ರೆ ನಾನಿದ್ದ ಹಾಗೆ."

"ಹಾಗಾದ್ರೆ ನಿಮ್ಮ ಶಾಲೇಲಿ ಒಬ್ಬ ಬೆಂಚಿನ ಮೇಲೆ ಬ್ಯಾಗ್ ಇಟ್ಟು ಮನೇಲೇ ಮಲಗಿದ್ರೆ, ಬಂದಿದಾನೆ ಅಂತ ಹಾಜರಿ ಹಾಕ್ತಿದ್ರಾ?"

ಹೆಡ್‌ಮಾಸ್ತರು ಪತ್ರಿಕೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿದರು. ಮೂವತ್ತಾರು ವರ್ಷದಲ್ಲಿ ಅವರಿಗೆ ಯಾರೂ ಎದುರು ಪ್ರಶ್ನೆ ಕೇಳಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು. ಕುರ್ಚಿ ಸಿಗದವರ ದೊಡ್ಡ ಗುಂಪೇ ಮರಳಿನಲ್ಲಿ ನಿಂತಿತ್ತು: ಒಬ್ಬ ಹಲ್ಲಿನ ಡಾಕ್ಟರಮ್ಮ, ಏಳು ತಿಂಗಳ ಗರ್ಭಿಣಿ ಒಬ್ಬಳು, ಅವಳ ಗಂಡ, ಇನ್ನೂ ಹತ್ತಾರು ಜನ. ತಮಗೂ ನ್ಯಾಯ ಕೊಡಿಸಬೇಕೆಂದು ಎಲ್ಲರೂ ಕಂಡಕ್ಟರಿಗೆ ದುಂಬಾಲು ಬಿದ್ದರು. ಕುರ್ಚಿಯ ವಿಷಯ ನಮಗೆ ಸಂಬಂಧವಿಲ್ಲ ಎಂದು ರೆಸಾರ್ಟಿನವರು ಎರಡು ದಿನದಿಂದ ಕೈ ತೊಳೆದುಕೊಂಡಿದ್ದಾರೆ, ನೀವಾದರೂ ಏನಾದರೂ ಮಾಡಿ ಎಂದರು.

ಇಂಥ ಮಾತಿಗೆ ಯಾರು ಕರಗುವುದಿಲ್ಲ? ಕಂಡಕ್ಟರು ಎದ್ದು ನಿಂತು ಕಾನೂನು ಹೊರಡಿಸಿದರು. ಕುರ್ಚಿ ಕೂತವರದ್ದು. ಎದ್ದರೆ ಹೋಯಿತು. ಟವೆಲಿಗೆ ಬೆಲೆ ಇಲ್ಲ. ಹೇಳಿದವರೇ ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತ ಒಂದೊಂದೇ ಟವೆಲ್ ಎತ್ತಿ ತೋಳಿನ ಮೇಲೆ ಹಾಕಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಟವೆಲಿನ ರಾಶಿಯಲ್ಲಿ ಮೂಗಿನ ಕೆಳಗೆ ಏನೂ ಕಾಣದಂತಾಗಿ, ಅದನ್ನೆಲ್ಲ ಟವೆಲ್ ಕೊಡುವ ಕಟ್ಟೆಯ ಹೆಂಗಸಿನ ಮುಂದೆ ಸುರಿದು, ಗೆದ್ದು ಬಂದ ಸೇನಾಪತಿಯ ಹಾಗೆ ಹಿಂದಿರುಗಿದರು.

ಅವರ ಎರಡು ಕುರ್ಚಿಗಳ ಮೇಲೆ ಡಾಕ್ಟರಮ್ಮ ಮತ್ತು ಗರ್ಭಿಣಿ ಆರಾಮಾಗಿ ಒರಗಿದ್ದರು.

"ಅಮ್ಮಾ, ಅದು ನನ್ನದು," ಎಂದರು ಕಂಡಕ್ಟರು ಮೆಲ್ಲಗೆ.

"ನೀವೇ ಹೇಳಿದ್ರಲ್ಲ ಅಂಕಲ್, ಎದ್ರೆ ಹೋಯ್ತು ಅಂತ," ಎಂದಳು ಡಾಕ್ಟರಮ್ಮ. ಹಲ್ಲು ಕೀಳುವ ಮುಂಚೆ ನಗುವಂಥ ನಗು. ಗರ್ಭಿಣಿಯನ್ನು ಎಬ್ಬಿಸುವ ಪ್ರಶ್ನೆಯೇ ಇರಲಿಲ್ಲ. ಅಂಥವರಿಗೆ ಸೀಟು ಬಿಡಿಸಿಕೊಡುವುದೇ ಅವರ ಜೀವಮಾನದ ಕಸುಬು.

ಒಂಬತ್ತಕ್ಕೆ ಸ್ನಾನ, ತಿಂಡಿ ಎಲ್ಲಾ ಮುಗಿಸಿ ಹೆಂಡತಿ ಬರುವ ಹೊತ್ತಿಗೆ ದಂಡೆಯಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ಕುರ್ಚಿ ಎಲ್ಲಿ ಎಂದು ಅವಳು ಕೇಳಲಿಲ್ಲ. ಗಂಡ ಸಾಲಿನ ಮುಂದೆ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿಗೂ ಬಂದು ಡ್ಯೂಟಿ ಹತ್ತಿಬಿಟ್ರಾ?" ಎಂದಳು. ಕಂಡಕ್ಟರು ಡಾಕ್ಟರಮ್ಮನನ್ನು ಸ್ವಲ್ಪ ಸರಿಯಲು ಹೇಳಿ, ಆಗಲೇ ಅವಳ ಪಕ್ಕ ಬಂದು ಕೂತಿದ್ದ ಹೆಡ್‌ಮಾಸ್ತರ ಹೆಂಡತಿಯನ್ನು ಒಂದಿಷ್ಟು ಒತ್ತರಿಸಿ, ಒಬ್ಬರ ಕುರ್ಚಿಯಲ್ಲಿ ಮೂವರು ಕೂರುವಂತೆ ಮಾಡಿ ಹೆಂಡತಿಗೆ ಜಾಗ ಮಾಡಿದರು. ಅದನ್ನು ನೋಡಿದ ಮಿಕ್ಕವರೂ ಕರೆದರು. ಅಲ್ಲೂ ಸರಿಸಿದರು. ಹತ್ತಕ್ಕೆಲ್ಲ ಮೂವತ್ತು ಕುರ್ಚಿಯಲ್ಲಿ ಎಂಬತ್ತು ಜನ. ನಿಂತಿದ್ದವರು ಒಬ್ಬರೇ.

ಆದರೆ ಕಾನೂನು ಅಂದರೆ ಕಾನೂನು, ಎದ್ದರೆ ಹೋಯಿತು. ಅದನ್ನು ಜಾರಿ ಮಾಡುವ ಹೊಣೆಯನ್ನು ಯಾರೂ ಕೇಳದಿದ್ದರೂ ಹೆಡ್‌ಮಾಸ್ತರು ವಹಿಸಿಕೊಂಡರು. ತಾವು ಸೋತ ಕಾನೂನಿನಿಂದ ಇನ್ನೊಬ್ಬರು ಗೆಲ್ಲಬಾರದೆಂಬ ಛಲವೋ ಏನೋ, ಪತ್ರಿಕೆಯ ಮೇಲಂಚಿನಿಂದ ಸಾಲಿನುದ್ದಕ್ಕೂ ಕಣ್ಣಿಟ್ಟು, ಯಾರಾದರೂ ಚೂರು ಮಿಸುಕಿದರೆ "ಏಳ್ತಿದೀರಾ?" ಎಂದು ಕೇಳುವರು. ಹಾಗಾಗಿ ಯಾರೂ ಏಳಲಿಲ್ಲ. ತಿಂಡಿಗೆ ಏಳಲಿಲ್ಲ, ಜ್ಯೂಸಿಗೆ ಏಳಲಿಲ್ಲ. ಅವರ ಹಿರಿಯಳಿಯ ಅರ್ಧ ಗಂಟೆಯಿಂದ ಕಾಲ ಮೇಲೆ ಕಾಲು ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಬೆವರುತ್ತಿದ್ದ, ಅವನೂ ಏಳಲಿಲ್ಲ. ನೂರಾರು ಮೈಲಿಯಿಂದ ನೀರಾಟಕ್ಕೆಂದು ಬಂದವರ ಮುಂದೆ ಸಮುದ್ರ ತಾನೊಂದೇ ಬರುತ್ತಿತ್ತು, ಯಾರೂ ಮಾತಾಡಿಸದ್ದಕ್ಕೆ ಹಿಂದಕ್ಕೆ ಹೋಗುತ್ತಿತ್ತು.

ಹೆಂಗಸರು ಮಾತ್ರ ಪರಮಸುಖದಲ್ಲಿದ್ದರು. ಅಷ್ಟು ಒತ್ತೊತ್ತಾಗಿ ಕೂತ ಮೇಲೆ ಮಾತು ಹುಟ್ಟದೆ ಇರುತ್ತದೆಯೇ? ಗರ್ಭಿಣಿಯ ಅತ್ತೆಯ ಸ್ವಭಾವ, ಕಿರಿಯಳಿಯನ ಗೊರಕೆ, ಡಾಕ್ಟರಮ್ಮ ಮದುವೆಯಾಗದಿರಲು ಕಾರಣ, ಎಲ್ಲವೂ ಹನ್ನೊಂದರ ಒಳಗೆ ಕಂಡಕ್ಟರ ಹೆಂಡತಿಗೆ ಬಾಯಿಪಾಠವಾಗಿದ್ದವು.

ಹನ್ನೆರಡಕ್ಕೆ ಮ್ಯಾನೇಜರು ಬಂದರು. ಟೈ ಕಟ್ಟಿಕೊಂಡು ಬಿಸಿ ಮರಳಿನಲ್ಲಿ ಬೂಟು ಹೂತು ಹೂತು ಬರುವ ಆ ಮನುಷ್ಯನನ್ನು ನೋಡಿ ಕಂಡಕ್ಟರು ಹೆಗಲ ಮೇಲಿನ ಟವೆಲನ್ನು ಬೆನ್ನ ಹಿಂದೆ ಮರೆಮಾಡಿದರು. ಬೈಗುಳ ಗ್ಯಾರಂಟಿ ಅಂದುಕೊಂಡರು. ಮ್ಯಾನೇಜರು ಅವರನ್ನು ತೆಂಗಿನಮರದ ಮರೆಗೆ ಕರೆದೊಯ್ದು ಎರಡೂ ಕೈ ಮುಗಿದರು. ನೂರು ಜನರ ತಿಂಡಿ ಹಾಗೇ ತಣ್ಣಗಾಗಿದೆಯಂತೆ. ಜ್ಯೂಸಿನ ಅಂಗಡಿಯವನು ಬೆಳಗಿನಿಂದ ನೊಣ ಹೊಡೆಯುತ್ತಿದ್ದಾನಂತೆ. ದೋಣಿಯವನು ದೋಣಿಯಲ್ಲೇ ನಿದ್ದೆ ಹೋಗಿದ್ದಾನಂತೆ.

"ನೀವು ಇಲ್ಲಿರೋ ತನಕ ಇವರ್ಯಾರೂ ಏಳಲ್ಲ ಸಾರ್," ಎಂದರು ಮ್ಯಾನೇಜರು. "ಆ ಬಂಡೆಗಳ ಹಿಂದೆ ನಮ್ಮ ದೊಡ್ಡ ಬಂಗಲೆಯ ಸ್ವಂತ ದಂಡೆ ಇದೆ. ಇವತ್ತು ಖಾಲಿ. ಒಂದು ಛತ್ರಿ, ಎರಡು ಕುರ್ಚಿ. ಒಂದು ನರಪಿಳ್ಳೆನೂ ಬರಲ್ಲ. ಐದು ಗಂಟೆ ತನಕ ಅದು ನಿಮ್ಮಿಬ್ಬರದ್ದೇ. ದಯವಿಟ್ಟು ಹೋಗಿಬಿಡಿ."

ಕಂಡಕ್ಟರ ಕಣ್ಣು ತುಂಬಿ ಬಂತು. ಒಂದು ಛತ್ರಿ, ಎರಡು ಕುರ್ಚಿ. ಟವೆಲ್ ಇಲ್ಲ, ಕಾನೂನು ಇಲ್ಲ, ಹೆಡ್‌ಮಾಸ್ತರು ಇಲ್ಲ. ಹೆಂಡತಿಯ ಕಿವಿಯಲ್ಲಿ ವಿಷಯ ಉಸುರಿ, ನೀನು ಸುಮ್ಮನೆ ಆ ಕಡೆ ನಡೆ, ನಾನು ಕೋಣೆ ಖಾಲಿ ಮಾಡಿ ಸಾಮಾನು ಒಪ್ಪಿಸಿ ಹತ್ತು ನಿಮಿಷದಲ್ಲಿ ಬಂದೆ ಎಂದು ಹೇಳಿ ಓಡಿದರು. ಅವರು ಓಡಿದ್ದನ್ನು ಅವರ ಹೆಂಡತಿ ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಹತ್ತು ನಿಮಿಷ ಒಂದು ಗಂಟೆಯಾಯಿತು. ಹೆಂಡತಿಯ ಕನ್ನಡಕ ದಿಂಬಿನ ಕೆಳಗೂ ಇರಲಿಲ್ಲ, ಮಂಚದ ಕೆಳಗೂ ಇರಲಿಲ್ಲ. ಸ್ನಾನದ ಮನೆಯ ಸೋಪಿನ ಪೆಟ್ಟಿಗೆಯಲ್ಲಿತ್ತು. ಕೆಳಗೆ ಬೀಗದ ಕೈ ಒಪ್ಪಿಸುವಲ್ಲಿ ಅಭಿಪ್ರಾಯ ಬರೆಯಲು ಇಪ್ಪತ್ತೆರಡು ಪ್ರಶ್ನೆಗಳ ಹಾಳೆ ಕೊಟ್ಟರು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಉಚಿತವಾಗಿ ದಂಡೆ ಕೊಟ್ಟವರಿಗೆ ಅಷ್ಟಾದರೂ ಮಾಡಬೇಡವೇ? ನಿಮ್ಮ ವಿಶ್ರಾಂತಿ ಹೇಗಿತ್ತು ಎಂದು ಕೇಳಿದ್ದಕ್ಕೆ "ಇನ್ನು ಮೇಲೆ" ಎಂದು ಬರೆದರು.

ಬಂಡೆಗಳ ಕಡೆಗೆ ಹೋಗುವ ದಾರಿ ದೊಡ್ಡ ದಂಡೆಯ ಮೇಲೆಯೇ. ಅಲ್ಲಿ ನೋಡಿದರೆ ಮೊದಲ ಸಾಲಿನ ಮೂವತ್ತೂ ಕುರ್ಚಿಗಳ ಮೇಲೆ ಮತ್ತೆ ಟವೆಲ್. ಜನ ಒಬ್ಬರೂ ಇಲ್ಲ. ತಾವು ಬೆನ್ನು ತಿರುಗಿಸಿದ್ದೇ ತಡ, ಹಾಸಿ ಎದ್ದು ಊಟಕ್ಕೆ ಓಡಿದ್ದಾರೆ. ಬೇರೆ ದಿನವಾಗಿದ್ದರೆ ಕಂಡಕ್ಟರು ಒಂದೊಂದನ್ನೂ ಕಿತ್ತು ಸಮುದ್ರಕ್ಕೆ ಎಸೆಯುತ್ತಿದ್ದರೇನೋ. ಇವತ್ತು ನಕ್ಕು ಮುಂದೆ ನಡೆದರು. ಹಾಸಿಕೊಳ್ಳಲಿ ಪಾಪ. ಮಂತ್ರಿಗಿರಿ ಸಿಕ್ಕವನು ಪಂಚಾಯಿತಿ ಜಗಳವನ್ನು ನೋಡುವ ಹಾಗಿತ್ತು ಅವರ ನೋಟ.

ಬಂಡೆ ಸುತ್ತುವ ಮುಂಚೆಯೇ ನಗು ಕೇಳಿಸಿತು. ಒಬ್ಬಿಬ್ಬರದ್ದಲ್ಲ.

ಛತ್ರಿ ಒಂದೇ ಇತ್ತು. ಕುರ್ಚಿ ಎರಡೇ ಇದ್ದವು. ಮ್ಯಾನೇಜರು ಸುಳ್ಳು ಹೇಳಿರಲಿಲ್ಲ. ಒಂದರ ಮೇಲೆ ಕಂಡಕ್ಟರ ಹೆಂಡತಿ, ಗರ್ಭಿಣಿ, ಡಾಕ್ಟರಮ್ಮ, ಹೆಡ್‌ಮಾಸ್ತರ ಹೆಂಡತಿ. ಇನ್ನೊಂದರ ಮೇಲೆ ಹೆಡ್‌ಮಾಸ್ತರು, ಅವರ ಎಡಬಲಕ್ಕೆ ಅಳಿಯಂದಿರು. ಹಿರಿಯಳಿಯನ ಮುಖದಲ್ಲಿ ಈಗ ಎಂಥದೋ ನೆಮ್ಮದಿ. ಉಳಿದ ಎಪ್ಪತ್ತು ಜನ ಛತ್ರಿಯ ನೆರಳು ಬಿದ್ದಲ್ಲೆಲ್ಲ, ಬಂಡೆ ಇದ್ದಲ್ಲೆಲ್ಲ, ತಟ್ಟೆ ಹಿಡಿದು ಕೂತಿದ್ದರು. ಜ್ಯೂಸಿನವನು ತನ್ನ ಗಾಡಿಯನ್ನೇ ಇಲ್ಲಿಗೆ ತಂದು ಬೆವರು ಸುರಿಸಿ ಹಣ್ಣು ಹಿಂಡುತ್ತಿದ್ದ. ಪಕ್ಕದಲ್ಲಿ ನಿಂತ ಮ್ಯಾನೇಜರು ಕಂಡಕ್ಟರನ್ನು ಕಂಡು ಸಂತೋಷದಿಂದ ಕೈ ಬೀಸಿದರು.

"ನಾನು ಹೇಳಿದ್ದು ಇವರೊಬ್ಬರಿಗೇ ಕಣ್ರೀ," ಎಂದಳು ಹೆಂಡತಿ, ಹೆಡ್‌ಮಾಸ್ತರ ಹೆಂಡತಿಯ ಕಡೆ ಕೈ ತೋರಿಸಿ. "ಬೆಳಿಗ್ಗೆಯಿಂದ ಒಟ್ಟಿಗೆ ಕೂತು, ಈಗ ನಾವಿಬ್ಬರೇ ಹೋಗ್ತೀವಿ ಅಂದ್ರೆ ಚೆನ್ನಾಗಿರುತ್ತಾ?"

ಕಂಡಕ್ಟರು ಹಿಂದೆ ತಿರುಗಿ ನೋಡಿದರು. ಅಲ್ಲಿ ಮೂವತ್ತು ಕುರ್ಚಿ, ಮೂವತ್ತು ಟವೆಲ್. ಇಲ್ಲಿ ಎರಡು ಕುರ್ಚಿ, ಏಳು ಜನ. ನಡುವೆ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಅವರು ನಿಂತೇ ಇದ್ದರು.

ಡಾಕ್ಟರಮ್ಮ ಏನೋ ಹೇಳುತ್ತಿದ್ದಳು, ಕತೆ ಕುತೂಹಲದ ಘಟ್ಟಕ್ಕೆ ಬಂದಿತ್ತು. ಹೆಂಡತಿ ಅತ್ತಲೇ ಕಿವಿಯಿಟ್ಟುಕೊಂಡು, ಗಂಡನ ಮುಖ ನೋಡದೆ, ಕೈಯಾಡಿಸಿದಳು.

"ರೀ, ದಾರೀಲಿ ಅಡ್ಡ ನಿಲ್ಲಬೇಡಿ, ಇವರಿಗೆ ಗಾಳಿ ಬರಲ್ಲ. ಮುಂದೆ ಖಾಲಿ ಇದೆ ನೋಡಿ. ಮುಂದೆ ಹೋಗಿ, ಮುಂದೆ ಹೋಗಿ."

ಮುಂದೆ ಇದ್ದದ್ದು ಸಮುದ್ರ.

ಕಂಡಕ್ಟರು ಚೀಲಗಳನ್ನು ಕೆಳಗಿಟ್ಟರು. ಪ್ಯಾಂಟು ಮಡಚಿದರು. ಮೊಣಕಾಲು ಮುಳುಗುವ ತನಕ ನಡೆದು ನಿಂತರು. ದೊಡ್ಡದೊಂದು ಅಲೆ ಬಂದು ಹೊಡೆದಾಗ ಮೈ ವಾಲಿತು. ಬಲಗೈ ತಾನಾಗಿ ಮೇಲೆ ಹೋಗಿ, ಹಿಡಿದುಕೊಳ್ಳಲು ಕಂಬಿ ಹುಡುಕಿತು.