ನಮ್ಮ ರೇಡಿಯೋದ ಕೆಂಪು ದೀಪ ಹತ್ತಿದ ಮೇಲೆ

ರೇಡಿಯೋ ಕೆಲಸದಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಾಚಿಕೆಯಿಂದ ಮುಖ ಕೆಂಪಾದರೂ ಕೇಳುಗರಿಗೆ ಕಾಣುವುದಿಲ್ಲ. ಈ ಅನುಕೂಲ ಇಲ್ಲದೇ ಹೋಗಿದ್ದರೆ ನಾನು ಮೊದಲ ತಿಂಗಳಲ್ಲೇ ಕೆಲಸ ಬಿಟ್ಟು, ಅಪ್ಪ ಹೇಳಿದ ಹಾಗೆ ಟೀಚರ್ ಆಗಿಬಿಡುತ್ತಿದ್ದೆ. ಮಡಿಕೇರಿಯ ಒಂದು ಗುಡ್ಡದ ಮೇಲೆ ಎರಡೇ ಕೋಣೆಯ ಪುಟ್ಟ ರೇಡಿಯೋ ನಮ್ಮದು. ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಸಂಗೀತದ ಕಾರ್ಯಕ್ರಮ, ಅದೂ ನೇರ ಪ್ರಸಾರ. ವಾರವೆಲ್ಲ ಜಾನಪದ, ಶನಿವಾರ ರಾಕ್. ಹದಿನೇಳು ವರ್ಷ ಆಯಿತು. ಇವತ್ತಿಗೂ ಕೆಂಪು ದೀಪ ಹತ್ತಿದ ಕೂಡಲೇ ಎದೆ ಡವಡವ ಅನ್ನುತ್ತದೆ. ಯಾಕೆ ಅನ್ನುತ್ತದೆ ಅಂತ ಇದನ್ನು ಓದಿದರೆ ನಿಮಗೇ ಗೊತ್ತಾಗುತ್ತದೆ.

ಮದುಮಗಳ ಸ್ನಾನ

ನಾನು ಮೊದಲ ಸಲ ಒಬ್ಬಳೇ ಕಾರ್ಯಕ್ರಮ ನಡೆಸಿದ ದಿನ. ಅತಿಥಿಗಳು ನಾಲ್ವರು ಕೊಡವ ಹಿರಿಯರು. ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಮದುವೆ ಹಾಡು ಹಾಡುವವರು. ನಾಲ್ವರೂ ಕುಪ್ಯ ಅನ್ನುವ ಕಪ್ಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಅನ್ನುವ ಕೆಂಪು ಪಟ್ಟಿ ಬಿಗಿದು, ಮದುವೆ ಮನೆಗೆ ಹೊರಟ ಹಾಗೆ ಬಂದಿದ್ದರು.

"ರೇಡಿಯೋದಲ್ಲಿ ಯಾರಿಗೂ ಕಾಣೋದಿಲ್ಲವಲ್ಲ, ಇಷ್ಟೆಲ್ಲ ಯಾಕೆ ತೊಂದರೆ ತಗೊಂಡಿರಿ?" ಅಂದೆ.

"ನಮಗೆ ಕಾಣ್ತದಲ್ಲ ಮಗಳೇ," ಅಂದರು ಎಲ್ಲರಿಗಿಂತ ಹಿರಿಯರು.

ನನ್ನ ಬಳಿ ಇದ್ದದ್ದು ಹತ್ತು ನಿಮಿಷ. ಹಾಡು ಶುರುವಾಯಿತು. ಮೈ ಜುಮ್ಮೆನ್ನುವ ಹಾಗೆ ಹಾಡಿದರು. ಮೊದಲು ಸೂರ್ಯನಿಗೆ ನಮಸ್ಕಾರ, ಆಮೇಲೆ ಚಂದ್ರನಿಗೆ, ಆಮೇಲೆ ಭೂಮಿಗೆ, ಆಮೇಲೆ ನಾಡಿಗೆ, ಮನೆಗೆ, ಮನೆಯ ಕಂಬಕ್ಕೆ. ಎಂಟು ನಿಮಿಷ ಕಳೆದರೂ ಮದುವೆಯ ಸುಳಿವಿಲ್ಲ. ಒಂಬತ್ತನೇ ನಿಮಿಷಕ್ಕೆ ಮದುಮಗಳು ಎದ್ದಳು. ನಾನು ಕೈಸನ್ನೆ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಹದಿಮೂರಾಯಿತು, ಹದಿನೈದಾಯಿತು. ಗಾಜಿನ ಆಚೆ ನಮ್ಮ ಮ್ಯಾನೇಜರ್ ಗಡಿಯಾರ ತೋರಿಸಿ ಕುಣಿಯುತ್ತಿದ್ದರು. ಕೊನೆಗೆ ಬೇರೆ ದಾರಿ ಕಾಣದೆ ಹಿರಿಯರ ಮೊಣಕೈ ಮುಟ್ಟಿದೆ. ದುಡಿ ನಿಂತಿತು.

"ಅಜ್ಜ, ಸಮಯ ಮುಗೀತು. ಇಲ್ಲಿಗೆ ನಿಲ್ಲಿಸೋಣವಾ?" ಅಂತ ಮೆಲ್ಲಗೆ ಕೇಳಿದೆ.

ಅವರು ನನ್ನ ಮುಖ ನೋಡಿ, ಮೈಕಿನಲ್ಲೇ ಕೇಳಿದರು. "ಮದುಮಗಳು ಸ್ನಾನಕ್ಕೆ ಕೂತಿದ್ದಾಳೆ. ಹಾಗೇ ಬಿಟ್ಟು ಎಲ್ಲರೂ ಎದ್ದು ಹೋಗೋದಾ?"

ನಾನು ವಾರ್ತೆ ಹಾಕಿದೆ. ಹಾಕಿದ್ದೇ ತಡ, ಫೋನು ಹೊಡೆದುಕೊಳ್ಳಲು ಶುರುವಾಯಿತು. ಮೂರು ದಿನ ಒಂದೇ ಪ್ರಶ್ನೆ, ಮದುಮಗಳ ಸ್ನಾನ ಮುಗೀತಾ ಅಂತ. ಒಬ್ಬ ಅಜ್ಜಿಯಂತೂ ನನ್ನ ಮೇಲೆ ಸಿಟ್ಟು ಮಾಡಿಕೊಂಡು, "ಆ ಹುಡುಗಿಗೆ ಶೀತ ಆಗ್ತದೆ, ಬೇಗ ಏನಾದರೂ ಮಾಡು," ಅಂದರು. ಮ್ಯಾನೇಜರ್ ಸೋತು ಮುಂದಿನ ವಾರ ಪೂರ್ತಿ ಒಂದು ಗಂಟೆ ಕೊಟ್ಟರು. ಮದುಮಗಳಿಗೆ ಒಣ ಬಟ್ಟೆ ಉಡಿಸಿ ಗಂಡನ ಮನೆಗೆ ದಾಟಿಸಿದೆವು.

ಕೊಂಬು ಊದಿದವರು

ಇದು ಚಿಕ್ಕದು. ಗಾಳಿಬೀಡಿನ ಒಬ್ಬ ಹಾಡುಗಾರ್ತಿ ಅಜ್ಜಿ ಬರಬೇಕಿತ್ತು. ಆ ದಿನ ರಸ್ತೆಗೆ ಮರ ಬಿದ್ದು ಬಸ್ಸು ಬರಲಿಲ್ಲ. ಫೋನಿನಲ್ಲೇ ಹಾಡಿ ಅಂದೆ. ಫೋನು ಹಿಡಿದುಕೊಂಡರೆ ನನಗೆ ಸ್ವರ ಹೊರಡುವುದಿಲ್ಲ ಅಂದರು ಅಜ್ಜಿ. ಅವರ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ, ಕೊಟ್ಟಿಗೆಯ ಕಿಟಕಿ. ಫೋನನ್ನು ಅಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು ಹಾಡಿದರು. ಎರಡನೇ ನುಡಿಯ ಕೊನೆಗೆ ಸರಿಯಾಗಿ ಕೊಟ್ಟಿಗೆಯ ಹಸು ದೀರ್ಘವಾಗಿ ಒಮ್ಮೆ ಕೂಗಿತು. ಮೂರನೆಯದರ ಕೊನೆಗೆ ಇನ್ನೊಮ್ಮೆ.

ಹಾಡು ಮುಗಿದ ಕೂಡಲೇ ಒಬ್ಬ ನಿವೃತ್ತ ಅಧಿಕಾರಿಗಳು ಫೋನ್ ಮಾಡಿದರು. ಸಂಗೀತ ಬಲ್ಲವರು, ಸುಲಭಕ್ಕೆ ಹೊಗಳುವವರಲ್ಲ.

"ಹಾಡು ಚೆನ್ನಾಗಿತ್ತಮ್ಮ. ಆದರೆ ಮಧ್ಯದಲ್ಲಿ ಕೊಂಬು ಊದಿದರಲ್ಲ, ಏನು ದಮ್ಮು, ಏನು ಹಿಡಿತ. ಯಾರು ಅವರು?"

ನೇರ ಪ್ರಸಾರ. ಯೋಚಿಸಲು ಸಮಯ ಇರಲಿಲ್ಲ.

"ಅವರ ಮನೆಯವರೇ ಸಾರ್," ಅಂದೆ.

ಆನೆಗೆ ಹಾಡು

ನಮ್ಮ ರೇಡಿಯೋದಲ್ಲಿ ರಾಕ್ ಹಾಕಬೇಕು ಅಂತ ಮ್ಯಾನೇಜರ್ ಬಳಿ ಎರಡು ವರ್ಷ ಜಗಳ ಆಡಿದ್ದೇನೆ. "ಬೆಳಿಗ್ಗೆ ಹನ್ನೊಂದು ಅಂದರೆ ಜನ ಕಾಫಿ ಕುಡಿದು ಸಮಾಧಾನವಾಗಿ ಕೂತಿರುವ ಹೊತ್ತು. ಕಿರುಚಾಟ ಯಾರಿಗೆ ಬೇಕು?" ಅನ್ನುತ್ತಿದ್ದರು. ಕೊನೆಗೆ ಒಂದೇ ಒಂದು ಶನಿವಾರ ಕೊಟ್ಟರು. ಒಂದು ದೂರು ಬಂದರೂ ಅಲ್ಲಿಗೆ ನಿಲ್ಲಿಸಬೇಕು ಅನ್ನುವ ಷರತ್ತು ಬೇರೆ.

ಕುಶಾಲನಗರದಿಂದ ನಾಲ್ವರ ಬ್ಯಾಂಡ್ ಕರೆಸಿದೆ. ಅಂಗಿಯ ಮೇಲೆ ತಲೆಬುರುಡೆ, ಕೈತುಂಬ ಹಚ್ಚೆ, ಕಣ್ಣಿಗೆ ಕಾಡಿಗೆ. ನೋಡಿದರೆ ಭಯ ಆಗಬೇಕು. ಬಾಗಿಲಲ್ಲಿ ನಿಂತು, "ಅಕ್ಕ, ಚಪ್ಪಲಿ ಎಲ್ಲಿ ಬಿಡೋದು?" ಅಂತ ಕೇಳಿದರು. ಆದರೆ ಹಾಡಲು ಶುರುಮಾಡಿದರು ನೋಡಿ, ಗಾಜು ನಡುಗಿತು, ಮೇಜಿನ ಮೇಲಿನ ಲೋಟ ತಾನಾಗಿ ನಡೆಯಿತು. ಕೊನೆಯಲ್ಲಿ ಹಾಡುಗಾರ ತಲೆ ಹಿಂದಕ್ಕೆ ಚೆಲ್ಲಿ ಅರ್ಧ ನಿಮಿಷ ಒಂದೇ ಉಸಿರಿನಲ್ಲಿ ಕಿರುಚಿದ. ನನಗೆ ಖುಷಿಯಲ್ಲಿ ಕುಣಿಯಬೇಕು ಅನಿಸಿತು. ಗಾಜಿನ ಆಚೆ ಮ್ಯಾನೇಜರ್ ಕಿವಿ ಮುಚ್ಚಿಕೊಂಡಿದ್ದರು.

ಫೋನ್ ಬಂತು. ಕುಶಾಲನಗರದ ಆಚೆಯ ಹಳ್ಳಿಯ ಒಬ್ಬ ರೈತರು.

"ತಾಯಿ, ಈಗ ಕಿರುಚಿದ್ದು ಯಾರು?"

ಕಾರ್ಯಕ್ರಮದ ಕಥೆ ಮುಗಿಯಿತು ಅಂದುಕೊಂಡೆ. "ನಮ್ಮ ಅತಿಥಿ ಕಲಾವಿದರು. ನಿಮಗೆ ಬೇಜಾರಾಯ್ತಾ?"

"ಬೇಜಾರೇನಿಲ್ಲ. ಅದಷ್ಟೇ ನಮ್ಮ ಫೋನಿಗೆ ಕಳಿಸಕ್ಕಾಯ್ತದಾ? ನಮ್ಮ ಶುಂಠಿ ಹೊಲಕ್ಕೆ ಆನೆ ನುಗ್ತವೆ. ಪಟಾಕಿ ಹೊಡೆದ್ರೂ ಜಗ್ಗಾಕಿಲ್ಲ. ಇದನ್ನ ಮೈಕಲ್ಲಿ ಹಾಕಿ ನೋಡಾವ ಅಂತ."

ಹಾಡುಗಾರ ಕೈಮುಗಿದು ಒಪ್ಪಿದ. ತನ್ನ ಹಾಡನ್ನು ಒಬ್ಬರು ಕೇಳಿ ಪಡೆದದ್ದು ಅದೇ ಮೊದಲಂತೆ. ಕಳಿಸಿದೆವು. ಮುಂದಿನ ಶನಿವಾರ ಆ ರೈತರೇ ಮತ್ತೆ ಕಾರ್ಯಕ್ರಮಕ್ಕೆ ಫೋನ್ ಮಾಡಿದರು. ನನಗೆ ತಡೆಯಲಾಗದ ಕುತೂಹಲ.

"ಏನಾಯ್ತು? ಆನೆ ಬಂತಾ?"

"ವಾರದಿಂದ ಒಂದೂ ಬಂದಿಲ್ಲ ತಾಯಿ. ನೆಂಟರೂ ಬಂದಿಲ್ಲ."

ಅದು ದೂರಲ್ಲ ಅಂತ ಮ್ಯಾನೇಜರಿಗೆ ಸಾಧಿಸಿ ತೋರಿಸಿದೆ. ಶನಿವಾರದ ರಾಕ್ ಇಂದಿಗೂ ನಡೆಯುತ್ತಿದೆ.

ರೈಟರ ಕೋಳಿ

ಒಂದು ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಹಣ್ಣು ಕೊಯ್ಯುವ ಒಬ್ಬ ಹೆಂಗಸು ನಿಂತಲ್ಲೇ ಹಾಡು ಕಟ್ಟಿ ಹಾಡುತ್ತಾರೆ ಅಂತ ಕೇಳಿ, ರೆಕಾರ್ಡರ್ ಹಿಡಿದು ಓಡಿದೆ. ಅಲ್ಲಿನ ರೈಟರ್, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವವರು, ನನ್ನನ್ನು ಗೇಟಿನಲ್ಲೇ ಎದುರುಗೊಂಡರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ.

"ಮೇಡಂ, ಇವರಿಗೆ ಪ್ರೋತ್ಸಾಹ ಕೊಟ್ಟಿದ್ದೇ ನಾನು. ಅದೂ ರೇಡಿಯೋದಲ್ಲಿ ಬರಲಿ," ಅಂದರು.

ಹೆಂಗಸು ರೈಟರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ತಮ್ಮ ಮನೆಮಾತಿನಲ್ಲಿ ಹಾಡಲು ಶುರುಮಾಡಿದರು. ಆ ಮಾತು ನನಗೂ ಬಾರದು, ರೈಟರಿಗೂ ಬಾರದು. ಎಂಥ ದನಿ ಅಂತೀರಿ. ಸುತ್ತ ನಿಂತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡುತ್ತಿದ್ದರು. ಭಾವುಕರಾಗಿದ್ದಾರೆ ಅಂದುಕೊಂಡೆ. ರೈಟರ್ ತಾಳ ಹಾಕುತ್ತಿದ್ದರು. "ನಮ್ಮ ರೈಟರ ಮೇಲೇ ಕಟ್ಟಿದ್ದು," ಅಂತ ಹಾಡಿದವರು ಹೇಳಿದ ಮೇಲಂತೂ ಅವರ ಎದೆ ಒಂದು ಗೇಣು ಮುಂದೆ ಬಂತು. ಪ್ರಸಾರವಾದ ಮೇಲೆ ಅದನ್ನೇ ಫೋನಿನ ರಿಂಗ್‌ಟೋನ್ ಮಾಡಿಕೊಂಡರು.

ತಿಂಗಳಾದ ಮೇಲೆ ಆ ಭಾಷೆ ಬಲ್ಲ ಒಬ್ಬ ಮೇಷ್ಟ್ರು ನನಗೆ ಅರ್ಥ ಹೇಳಿದರು. ಮಳೆ ಇದ್ದರೂ ಏಳಿ, ಮಂಜಿದ್ದರೂ ಏಳಿ ಅಂತ ಊರನ್ನೆಲ್ಲ ಎಬ್ಬಿಸುವ ಒಂದು ಕೋಳಿ ಇದೆಯಂತೆ. ಎಲ್ಲರನ್ನೂ ಎಬ್ಬಿಸಿ, ಆಮೇಲೆ ತಾನು ಮಾತ್ರ ಸಿಲ್ವರ್ ಓಕ್ ಮರದ ಬುಡದಲ್ಲಿ ಕೊಡೆ ಬಿಚ್ಚಿಕೊಂಡು ಮಧ್ಯಾಹ್ನದವರೆಗೆ ಗೊರಕೆ ಹೊಡೆಯುತ್ತದಂತೆ.

ಬೇರೆ ಯಾರೋ ಅರ್ಥ ಹೇಳಿ, ರೈಟರ್ ಆ ಹೆಂಗಸಿನ ಮೇಲೆ ಸಿಟ್ಟು ತೀರಿಸಿಕೊಂಡರೆ? ನಾನೇ ರೈಟರ ಬಳಿ ಹೋಗಿ, ತಪ್ಪು ನನ್ನದು, ಅರ್ಥ ಕೇಳದೆ ಹಾಕಿದೆ ಅಂತ ಎಲ್ಲ ಹೇಳಿದೆ. ಅವರು ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

"ಹಾಡಲ್ಲಿ ನನ್ನ ಹೆಸರು ಇದೆಯಾ?" ಅಂತ ಕೇಳಿದರು.

"ಇಲ್ಲ."

"ಹಾಗಾದರೆ ಅದು ಪಕ್ಕದ ಎಸ್ಟೇಟಿನ ರೈಟರ್ ಮೇಡಂ. ಅವನು ಹಾಗೇ."

ರಿಂಗ್‌ಟೋನ್ ಬದಲಾಯಿಸಲಿಲ್ಲ.

ರಾಣಿ ಮೇಲಿದ್ದಾಳೆ

ಇದನ್ನು ಹೇಳುವಾಗ ಈಗಲೂ ಬೆವರುತ್ತೇನೆ.

ಬೆಂಗಳೂರಿನ ಒಬ್ಬ ದೊಡ್ಡ ರಾಕ್ ಗಾಯಕರು ಕೊಡಗಿಗೆ ಬಂದಿದ್ದರು. ಹತ್ತು ಸಲ ಫೋನ್ ಮಾಡಿ, ನಮ್ಮ ರೇಡಿಯೋಕ್ಕೆ ಬರಲು ಒಪ್ಪಿಸಿದೆ. ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಗಡ್ಡ, ಭುಜದವರೆಗೆ ಕೂದಲು, ಕಪ್ಪು ಕನ್ನಡಕ. ಪ್ರಶ್ನೆಗಳನ್ನು ಬರೆದು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಅದೇ ವಾರ ಸ್ಟುಡಿಯೋ ತಾರಸಿಯ ನೀರಿನ ಟ್ಯಾಂಕಿನ ಅಡಿಯಲ್ಲಿ ಜೇನು ಗೂಡು ಕಟ್ಟಿತ್ತು. ಅದನ್ನು ಬಿಡಿಸಲು ಮ್ಯಾನೇಜರ್ ಹುದಿಕೇರಿಯಿಂದ ಒಬ್ಬರನ್ನು ಕರೆಸಿದ್ದರು. ಯಾವತ್ತು ಬರುತ್ತಾರೆ ಅಂತ ನನಗೆ ಹೇಳಿರಲಿಲ್ಲ.

ಹನ್ನೊಂದಕ್ಕೆ ಎರಡು ನಿಮಿಷ ಇದೆ. ಬಾಗಿಲಲ್ಲಿ ಗಡ್ಡ, ಉದ್ದ ಕೂದಲು, ಕಪ್ಪು ಕನ್ನಡಕ. ಹೆಗಲಿಗೆ ಉದ್ದನೆಯ ಚೀಲ.

"ಬನ್ನಿ ಸಾರ್, ಬನ್ನಿ, ಮೊದಲು ಇಂಟರ್‌ವ್ಯೂ, ಉಳಿದದ್ದು ಆಮೇಲೆ," ಅಂತ ಒಳಗೆ ಎಳೆದುಕೊಂಡು ಹೋಗಿ ಮೈಕಿನ ಮುಂದೆ ಕೂರಿಸಿದೆ. ಕೆಂಪು ದೀಪ ಹತ್ತಿತು.

"ಈ ಕ್ಷೇತ್ರಕ್ಕೆ ಹೇಗೆ ಬಂದಿರಿ?" ಅಂತ ಶುರುಮಾಡಿದೆ.

"ನಮ್ಮಪ್ಪನೂ ಇದೇ ಮಾಡ್ತಿದ್ದದ್ದು. ಎಂಟನೇ ವಯಸ್ಸಿಗೇ ನಾನು ಅವರ ಹಿಂದೆ ಹೋಗ್ತಿದ್ದೆ."

ನಾನು ಓದಿದ ಕಡೆಯೆಲ್ಲ ಅವರ ತಂದೆ ಬ್ಯಾಂಕಿನಲ್ಲಿದ್ದರು ಅಂತಿತ್ತು. ಯಾರಿಗೂ ಗೊತ್ತಿಲ್ಲದ ವಿಷಯ ನಮ್ಮ ರೇಡಿಯೋದಲ್ಲಿ ಹೊರಬಿತ್ತು ಅಂತ ಹಿಗ್ಗಿದೆ.

"ಸಾವಿರಾರು ಜನರ ಗುಂಪಿನ ಎದುರು ನಿಂತಾಗ ಭಯ ಆಗೋದಿಲ್ವಾ?"

"ಜನರ ಎದುರು ಭಯವೇ, ಮೇಡಂ. ಅವುಗಳ ಎದುರು ಇಲ್ಲ. ಒಂದೇ ಸಮ ಗುಂಯ್ ಅಂತಿದ್ದರೆ ಖುಷಿಯಲ್ಲಿದ್ದಾವೆ ಅಂತ ಲೆಕ್ಕ. ಸ್ವರ ಏರಿತು ಅಂದರೆ ಇಳಿದುಬಿಡಬೇಕು."

ಅಭಿಮಾನಿಗಳನ್ನು 'ಅವು' ಅನ್ನುತ್ತಾರಲ್ಲ, ದೊಡ್ಡವರಿಗೆ ಸ್ವಲ್ಪ ಸೊಕ್ಕಿರುತ್ತದೆ ಅಂದುಕೊಂಡೆ.

"ವೇದಿಕೆಯ ಮೇಲೆ ಹೊಗೆ ಬಿಡ್ತೀರಲ್ಲ, ಅದು ಬೇಕೇ ಬೇಕಾ?"

"ಹೊಗೆ ಇಲ್ಲದೆ ನಾನು ಹತ್ತಿರ ಹೋಗೋದೇ ಇಲ್ಲ. ಹೊಗೆ ಬಿಟ್ಟ ಮೇಲೆ ತೆಪ್ಪಗಾಗ್ತಾವೆ."

"ಯಾವಾಗಲಾದರೂ ಮೈಮೇಲೆ ಬಿದ್ದದ್ದು ಇದೆಯಾ?"

"ಒಂದು ಸಲ ಅಟ್ಟಿಸಿಕೊಂಡು ಬಂದವು. ಕೆರೆಗೆ ಹಾರಿದೆ. ಮುಖ ಊದಿಕೊಂಡು ಮೂರು ದಿನ ಮನೆ ನಾಯಿಗೂ ಗುರುತು ಸಿಗಲಿಲ್ಲ."

ಎಷ್ಟು ಸರಳ ಮನುಷ್ಯ, ಎಷ್ಟು ಬಿಚ್ಚು ಮಾತು. ನನ್ನ ಜೀವನದ ಅತ್ಯುತ್ತಮ ಸಂದರ್ಶನ ಇದೇ ಅಂತ ಖಾತ್ರಿಯಾಯಿತು. "ನಿಮ್ಮ ಯಶಸ್ಸಿನ ಗುಟ್ಟೇನು?" ಅಂದೆ.

"ಏನಿಲ್ಲ ಮೇಡಂ, ರಾಣಿ. ಅವಳೊಬ್ಬಳು ಜೊತೆಗಿದ್ದರೆ ಉಳಿದದ್ದೆಲ್ಲ ತಾನಾಗಿ ಹಿಂದೆ ಬರ್ತದೆ."

ರಾಣಿ ಅಂದರೆ ಅವರ ಹೆಂಡತಿ ಅಂದುಕೊಂಡೆ. "ರಾಣಿಯವರು ಈಗ ಎಲ್ಲಿದ್ದಾರೆ?" ಅಂತ ಕೇಳಿದೆ.

ಅವರು ಕನ್ನಡಕ ತೆಗೆದು, ಮುಖ ಎತ್ತಿ, ಬೆರಳು ಮೇಲೆ ತೋರಿಸಿದರು. "ಮೇಲಿದ್ದಾಳೆ."

ರೇಡಿಯೋದಲ್ಲಿ ಮೌನ ಇರಬಾರದು ಅನ್ನುವುದು ನಮ್ಮ ಮೊದಲ ಪಾಠ. ಆದರೂ ಐದು ಸೆಕೆಂಡು ಸುಮ್ಮನಿದ್ದೆ. ಆಮೇಲೆ ಒದ್ದೆ ದನಿಯಲ್ಲಿ, "ಕ್ಷಮಿಸಿ ಸಾರ್, ನನಗೆ ಗೊತ್ತಿರಲಿಲ್ಲ," ಅಂದೆ.

"ಪರವಾಗಿಲ್ಲ ಮೇಡಂ," ಅಂದರು ಅವರು ಸಮಾಧಾನವಾಗಿ. "ಅರ್ಧ ಗಂಟೆಯಲ್ಲಿ ಕೆಳಗಿಳಿಸಿ ಪೆಟ್ಟಿಗೆಗೆ ಹಾಕ್ತೀನಿ."

ಅಷ್ಟರಲ್ಲಿ ಬಾಗಿಲು ತೆರೆದು ಮ್ಯಾನೇಜರ್ ನುಗ್ಗಿದರು. ಅವರ ಹಿಂದೆ ಇನ್ನೊಂದು ಗಡ್ಡ, ಇನ್ನೊಂದು ಕಪ್ಪು ಕನ್ನಡಕ, ಗಿಟಾರು, ಮೊಣಕಾಲಿಗೆಲ್ಲ ಪಾಚಿ. ಗಾಯಕರು ಗೇಟಿಗೆ ಬಂದಾಗ, ನಮ್ಮ ವಾಚ್‌ಮನ್ ಅವರನ್ನು ಜೇನಿನವರು ಅಂದುಕೊಂಡು, "ಮೇಲಿದೆ, ಹುಷಾರಾಗಿ ಹತ್ತಿ," ಅಂತ ತಾರಸಿಗೆ ಇಟ್ಟಿದ್ದ ಏಣಿ ತೋರಿಸಿದ್ದರು. "ಚಿಕ್ಕ ರೇಡಿಯೋ, ಮೆಟ್ಟಿಲು ಇನ್ನೂ ಕಟ್ಟಿಸಿಲ್ಲವೇನೋ ಅಂದುಕೊಂಡು ಹತ್ತಿದೆ," ಅಂದರು ಪಾಪ. ಟ್ಯಾಂಕಿನವರೆಗೂ ಹೋಗಿ ಬಂದಿದ್ದರು.

ನಾನು ಇಬ್ಬರ ಮುಖವನ್ನೂ ನೋಡಿದೆ. ಮೈಕು ಇನ್ನೂ ಆನ್ ಇತ್ತು. ಹುದಿಕೇರಿಯವರು ಎದ್ದು, ಚೀಲ ಹೆಗಲಿಗೇರಿಸಿ, ಹೊಸಬರ ಗಡ್ಡವನ್ನು ಅನುಮಾನದಿಂದ ನೋಡಿದರು. ಆಮೇಲೆ ಕೊಡಗಿಗೆಲ್ಲ ಕೇಳುವ ಹಾಗೆ ನನ್ನನ್ನು ಕೇಳಿದರು.

"ಇವರೂ ಇಂಟರ್‌ವ್ಯೂಗೆ ಬಂದವರಾ ಮೇಡಂ? ಜೇನು ತೆಗೆಯೋಕೆ ಇಷ್ಟೆಲ್ಲ ಪ್ರಶ್ನೆ ಕೇಳಿದ್ದು ನೀವೊಬ್ಬರೇ. ಕೆಲಸ ನನಗಾ, ಅವರಿಗಾ?"